ಪುಸ್ತಕದ ಬದನೆಕಾಯಿ ಮತ್ತು ಇಂಗ್ಲಿಷ್ ಮೇಷ್ಟ್ರು

ಮೈಸೂರಿನಿಂದ ಮಡಿಕೇರಿ ಕಡೆಗೆ ಹೊರಟ ಬಸ್ಸು ಹುಣಸೂರನ್ನು ದಾಟಿದ ಮೇಲೆ, ಪಿರಿಯಾಪಟ್ಟಣ ಮುಟ್ಟುವ ಮುನ್ನ ಸಿಗುವ ಊರು ಕಂಪಲಾಪುರ. ಇದು ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ಸುತ್ತಲಿನ ಹಳ್ಳಿಗಳ ಬೆಳೆಗಾರರ ಮಾತನ್ನು ಸ್ವಲ್ಪ ಹೊತ್ತು ಕೇಳಿದರೆ ಸಾಕು, ಬ್ಯಾರನ್, ಬೇಲು, ಗ್ರೇಡು, ಲೈಸೆನ್ಸು, ಕೋಟಾ ಎಂಬ ಪದಗಳು ಸಲೀಸಾಗಿ ಬಂದು ಹೋಗುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರ ಬಾಯಲ್ಲೂ ಇವು ತಪ್ಪಿಲ್ಲದೆ, ಸಂದರ್ಭಕ್ಕೆ ಸರಿಯಾಗಿ ಬರುತ್ತವೆ. ಇವನ್ನು ಅವರಿಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ, ಯಾವ ಪುಸ್ತಕದಲ್ಲೂ ಅವರು ಓದಲಿಲ್ಲ. ಹೊಗೆಸೊಪ್ಪಿನ ಬೆಲೆ ಈ ಪದಗಳ ಮೇಲೆ ನಿಂತಿತ್ತು, ಕಲಿತರು.

ಅದೇ ಮನೆಯ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಪುಸ್ತಕ ಓದುತ್ತಾರೆ. ಪಾಠದ ಪ್ರಶ್ನೋತ್ತರಗಳನ್ನು ಒಪ್ಪಿಸುತ್ತಾರೆ. ಆದರೆ ಪುಸ್ತಕ ಮುಚ್ಚಿದ ಮೇಲೆ ನಾಲ್ಕು ಮಾತು ಆಡಬೇಕಾಗಿ ಬಂದರೆ ಎಷ್ಟೋ ಮಕ್ಕಳು ತಡವರಿಸುತ್ತಾರೆ. ಇದು ಕಂಪಲಾಪುರದ ಸಂಗತಿ ಮಾತ್ರವಲ್ಲ. ಕರ್ನಾಟಕದ ಯಾವ ಹೋಬಳಿಗೆ ಹೋದರೂ ಕಾಣುವ ಸಂಗತಿ. ಬಳಕೆಗೆ ಬಾರದ ಓದನ್ನು ‘ಪುಸ್ತಕದ ಬದನೆಕಾಯಿ’ ಎಂದು ಕನ್ನಡಿಗರು ಹಿಂದಿನಿಂದಲೂ ಹಾಸ್ಯ ಮಾಡುತ್ತ ಬಂದಿದ್ದಾರೆ. ಇಂಗ್ಲಿಷ್ ಪಠ್ಯಪುಸ್ತಕ ಅಂಥ ಬದನೆಕಾಯಿಯೇ? ಅಥವಾ ದೋಷ ಪುಸ್ತಕದಲ್ಲಿಲ್ಲದೆ, ಅದನ್ನು ಬಳಸುವ ಬಗೆಯಲ್ಲಿದೆಯೇ? ಪುಸ್ತಕವನ್ನೇ ತೆಗೆದಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಎರಡು ದೊಡ್ಡ ಪ್ರಯೋಗಗಳು ಕರ್ನಾಟಕದಲ್ಲೇ ನಡೆದಿವೆ. ಒಂದು ಬೆಂಗಳೂರಿನ ಹೆಸರನ್ನು ಜಗತ್ತಿನ ಭಾಷಾ ಬೋಧಕರಿಗೆಲ್ಲ ಪರಿಚಯಿಸಿತು. ಇನ್ನೊಂದು ಕಂಪಲಾಪುರಕ್ಕೆ ಹೆಚ್ಚು ದೂರವಲ್ಲದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿತು.

ಹೆಸರಿಗೆ ದ್ವಿತೀಯ ಭಾಷೆ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ. ಇದು ಪಠ್ಯಕ್ರಮದ ಲೆಕ್ಕ. ಭಾಷಾ ಬೋಧನೆಯ ಶಾಸ್ತ್ರದಲ್ಲಿ ‘ಎರಡನೆಯ ಭಾಷೆ’ ಎಂದರೆ ಶಾಲೆಯ ಹೊರಗೂ ಕಿವಿಗೆ ಬೀಳುವ, ಬೀದಿಯಲ್ಲಿ ಬಳಕೆಯಾಗುವ ಭಾಷೆ. ತರಗತಿಯ ನಾಲ್ಕು ಗೋಡೆಗಳೊಳಗೆ ಮಾತ್ರ ಸಿಗುವುದು ‘ಪರಭಾಷೆ’. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಇಂಗ್ಲಿಷ್ ಎರಡನೆಯ ಭಾಷೆಯಿರಬಹುದು. ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಅದು ಬಹುಮಟ್ಟಿಗೆ ಪರಭಾಷೆಯೇ. ಅಂಗಡಿ ಫಲಕಗಳಲ್ಲಿ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ ನಿಜ. ಆದರೆ ಇಂಗ್ಲಿಷಿನಲ್ಲಿ ಮಾತಿಗೆ ಮಾತು ಕೊಡುವವರು ಸಿಗುವುದಿಲ್ಲ.

ಹೀಗಿರುವಲ್ಲಿ ಪಠ್ಯಪುಸ್ತಕಕ್ಕೆ ಒಂದು ವಿಶೇಷ ಸ್ಥಾನ ಬಂದುಬಿಡುತ್ತದೆ. ಮಗುವಿಗೆ ಸಿಗುವ ಇಂಗ್ಲಿಷೆಲ್ಲ ಅದರಲ್ಲೇ ಇದೆ. ಎಷ್ಟೋ ಕಡೆ ಮೇಷ್ಟ್ರಿಗೆ ಸಿಗುವ ಇಂಗ್ಲಿಷೂ ಅಷ್ಟೆ. ಪಠ್ಯಪುಸ್ತಕ ಸರಿಯೋ ತಪ್ಪೋ ಎಂಬ ಚರ್ಚೆಗೆ ಲಂಡನ್ನಿನಲ್ಲಿ ಒಂದು ಅರ್ಥವಿದ್ದರೆ, ಹಳ್ಳಿಯ ಶಾಲೆಯಲ್ಲಿ ಬೇರೆಯೇ ಅರ್ಥವಿರುವುದು ಈ ಕಾರಣದಿಂದ.

ಮೈಸೂರು ಸೀಮೆಯಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ದೀರ್ಘ ಇತಿಹಾಸವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿಯೇ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ. 1854ರ ವುಡ್ ನಿರೂಪದ ನಂತರ, 1857ರಲ್ಲಿ ಮೈಸೂರಿನಲ್ಲಿ ವಿದ್ಯಾ ಇಲಾಖೆ ಸ್ಥಾಪನೆಯಾಯಿತು. ಶಾಸನಗಳ ಸಂಶೋಧಕರೆಂದು ಹೆಸರಾದ ಬಿ.ಎಲ್. ರೈಸ್ ಈ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಹೋಬಳಿ ಶಾಲೆಗಳು ಹುಟ್ಟಿಕೊಂಡವು. ಅವು ಕನ್ನಡ ಶಾಲೆಗಳು. ಇಂಗ್ಲಿಷ್ ಪಟ್ಟಣದ ಸೊತ್ತಾಗಿ ಉಳಿಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೂ ಉನ್ನತ ವ್ಯಾಸಂಗ ಬಯಸುವ ಇಲ್ಲಿನ ವಿದ್ಯಾರ್ಥಿಗಳ ಕಣ್ಣು ಮದ್ರಾಸು ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯ ಮೇಲಿತ್ತು. ಪುಸ್ತಕದಿಂದ ಪ್ರಶ್ನೆ, ಪುಸ್ತಕದಿಂದ ಉತ್ತರ. ಒಂದು ವಾಕ್ಯ ಓದುವುದು, ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು, ಕಠಿಣ ಪದಗಳನ್ನು ಉರು ಹೊಡೆಸುವುದು ಎಂಬ ಬೋಧನಾಕ್ರಮ ಬೇರೂರಿದ್ದು ಆ ಕಾಲದಲ್ಲಿ. ಅದು ಇಂದಿಗೂ ಪೂರ್ತಿ ಮರೆಯಾಗಿಲ್ಲ.

ವಿಮೆಯ ಒಂದು ಮಾತು

ಈ ಕ್ರಮದ ದೋಷವನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಮೈಕೆಲ್ ವೆಸ್ಟ್ ಪ್ರಮುಖರು. ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದ ಅವರು, ಬಂಗಾಳದ ದ್ವಿಭಾಷಾ ಸ್ಥಿತಿಯನ್ನು ಕುರಿತ ತಮ್ಮ ಗ್ರಂಥವನ್ನು 1926ರಲ್ಲಿ ಹೊರತಂದರು. ಇಂಗ್ಲಿಷ್ ಕಲಿಯಲು ಶಾಲೆಗೆ ಸೇರುವ ಮಕ್ಕಳಲ್ಲಿ ಹೆಚ್ಚಿನವರು ಕೊನೆಯ ತರಗತಿಯವರೆಗೆ ಉಳಿಯುವುದಿಲ್ಲ. ಪಠ್ಯಗಳು ಮಾತ್ರ ಕೊನೆ ಮುಟ್ಟುವ ಕೆಲವರನ್ನೇ ಮನಸ್ಸಿನಲ್ಲಿಟ್ಟುಕೊಂಡು ರಚನೆಯಾಗಿರುತ್ತವೆ. ನಡುವೆ ಶಾಲೆ ಬಿಟ್ಟವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇದನ್ನು ವಿವರಿಸಲು ವೆಸ್ಟ್ ವಿಮಾ ವ್ಯವಹಾರದಿಂದ ಒಂದು ಮಾತನ್ನು ಎರವಲು ತಂದರು: ‘ಸರೆಂಡರ್ ವ್ಯಾಲ್ಯೂ’. ಎಲ್‌ಐಸಿ ಪಾಲಿಸಿ ಮಾಡಿಸಿದವರಿಗೆಲ್ಲ ಈ ಮಾತು ಗೊತ್ತು. ಪಾಲಿಸಿಯನ್ನು ಅವಧಿಗೆ ಮುಂಚೆ ಬಿಟ್ಟುಕೊಟ್ಟರೆ ಕೈಗೆ ಸಿಗುವ ಮೊತ್ತ ಅದು. ಇಂಗ್ಲಿಷ್ ಕಲಿಕೆಗೂ ಹಾಗೆ ಒಂದು ಸರೆಂಡರ್ ವ್ಯಾಲ್ಯೂ ಇರಬೇಕು. ಮಗು ಯಾವ ತರಗತಿಯಲ್ಲಿ ಓದು ನಿಲ್ಲಿಸಿದರೂ ಅಲ್ಲಿಯವರೆಗೆ ಕಲಿತದ್ದು ಬದುಕಿನಲ್ಲಿ ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬರಬೇಕು ಎಂದು ಅವರು ವಾದಿಸಿದರು. ಅದಕ್ಕಾಗಿ ಹೆಚ್ಚು ಬಳಕೆಯಾಗುವ ಪದಗಳನ್ನು ಆರಿಸಿ, ಅವನ್ನೇ ಮತ್ತೆ ಮತ್ತೆ ತಂದು, ಮಗು ತಾನಾಗಿ ಓದಿಕೊಳ್ಳಬಹುದಾದ ಸರಳ ವಾಚನ ಪುಸ್ತಕಗಳ ಮಾಲೆಯನ್ನೇ ರಚಿಸಿದರು. ಸುಮಾರು 2000 ಮೂಲಪದಗಳ ಅವರ ಪಟ್ಟಿ 1953ರಲ್ಲಿ ಪ್ರಕಟವಾಯಿತು. ಜಗತ್ತಿನ ಅನೇಕ ದೇಶಗಳ ಇಂಗ್ಲಿಷ್ ಪಠ್ಯಗಳ ಹಿಂದೆ ಈ ಪಟ್ಟಿಯ ನೆರಳಿದೆ.

ವೆಸ್ಟರ ನಂಬಿಕೆ ಪುಸ್ತಕದ ಮೇಲಿತ್ತು. ಪುಸ್ತಕ ಸರಿಯಾದರೆ ಕಲಿಕೆ ಸರಿಯಾಗುತ್ತದೆ ಎಂಬುದು ಅವರ ಹಾದಿ. ಅದೇ ಹಾದಿಯಲ್ಲಿ ಮುಂದಿನ ಹೆಜ್ಜೆಯೂ ಬಂತು.

ದಿಸ್ ಈಸ್ ಎ ಪೆನ್

ಸ್ವಾತಂತ್ರ್ಯದ ನಂತರ ದಕ್ಷಿಣ ಭಾರತದಲ್ಲಿ ‘ರಚನಾ ಪದ್ಧತಿ’ ಬಂದಿತು. 1950ರ ದಶಕದಲ್ಲಿ ಮದ್ರಾಸು ರಾಜ್ಯದಲ್ಲಿ ಜಾರಿಯಾದ ಈ ಕ್ರಮ ಬೇರೆ ರಾಜ್ಯಗಳಿಗೂ ಹರಡಿತು. ಇಂಗ್ಲಿಷಿನ ವಾಕ್ಯ ಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಅನುಕ್ರಮವಾಗಿ ಜೋಡಿಸಿ, ಒಂದೊಂದನ್ನೂ ಬಾಯಿಪಾಠವಾಗುವವರೆಗೆ ಅಭ್ಯಾಸ ಮಾಡಿಸುವುದು ಇದರ ಸಾರ. ಮೇಷ್ಟ್ರು ಲೇಖನಿಯೊಂದನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಎನ್ನುವುದು, ತರಗತಿಯೆಲ್ಲ ಒಕ್ಕೊರಲಿನಲ್ಲಿ ಅದನ್ನೇ ಹೇಳುವುದು, ಬಾಗಿಲ ಕಡೆಗೆ ನಡೆಯುತ್ತ ‘ಐ ಆಮ್ ವಾಕಿಂಗ್ ಟು ದ ಡೋರ್’ ಎನ್ನುವುದು ಒಂದು ತಲೆಮಾರಿನ ಎಲ್ಲರಿಗೂ ನೆನಪಿರುವ ದೃಶ್ಯ.

ಈ ಪದ್ಧತಿಗೆ ಶಿಕ್ಷಕರನ್ನು ಸಜ್ಜುಗೊಳಿಸಲು ಸಂಸ್ಥೆಗಳೂ ಹುಟ್ಟಿದವು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾದವು. ಮುಂದೆ ಪಠ್ಯಪುಸ್ತಕಗಳೂ ಈ ಅನುಕ್ರಮಕ್ಕೆ ತಕ್ಕಂತೆ ಬದಲಾದವು.

ಹಾಗೆಂದು ಎಲ್ಲ ತರಗತಿಗಳೂ ಬದಲಾಗಲಿಲ್ಲ. ಪುಸ್ತಕ ಹೊಸದು, ಬೋಧನೆ ಹಳೆಯದು. ರಚನೆಗಳ ಅಭ್ಯಾಸಕ್ಕೆಂದು ಬರೆದ ಪಾಠವನ್ನೂ ಒಂದೊಂದು ವಾಕ್ಯ ಓದಿ ಕನ್ನಡದ ಅರ್ಥ ಹೇಳಿ ಮುಗಿಸುವುದು ಸಾಧ್ಯವಿತ್ತು. ಪದ್ಧತಿಯನ್ನು ನಿಷ್ಠೆಯಿಂದ ಪಾಲಿಸಿದ ಕಡೆಯೂ ಒಂದು ತೊಡಕು ಕಂಡಿತು. ತರಗತಿಯಲ್ಲಿ ವಾಕ್ಯವನ್ನು ಅಚ್ಚುಕಟ್ಟಾಗಿ ಹೇಳಿದ ಮಗು, ತರಗತಿಯ ಹೊರಗೆ ಅದೇ ವಾಕ್ಯ ಬೇಕಾದಾಗ ಸುಮ್ಮನಾಗುತ್ತಿತ್ತು. ಮೇಷ್ಟ್ರ ಕೈಯಲ್ಲಿರುವುದು ಪೆನ್ನು ಎಂದು ಎಲ್ಲರಿಗೂ ಗೊತ್ತಿರುವಾಗ ಅದನ್ನು ಹೇಳುವುದರಲ್ಲಿ ಯಾರಿಗೂ ಏನೂ ತಿಳಿಯುವುದಿರಲಿಲ್ಲ.

ಪುಸ್ತಕವಿಲ್ಲದ ತರಗತಿ

ಈ ಅತೃಪ್ತಿಯಿಂದ ಹುಟ್ಟಿದ್ದೇ ‘ಬೆಂಗಳೂರು ಯೋಜನೆ’. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ 1979ರಿಂದ 1984ರವರೆಗೆ ಇದನ್ನು ನಡೆಸಿದರು. ಬೆಂಗಳೂರು, ಮದ್ರಾಸು, ಕಡಲೂರುಗಳ ಕೆಲವು ಸಾಮಾನ್ಯ ಶಾಲೆಗಳಲ್ಲಿ, ಪಠ್ಯಪುಸ್ತಕವನ್ನೂ ವ್ಯಾಕರಣದ ಅನುಕ್ರಮವನ್ನೂ ಬದಿಗಿಟ್ಟು ಇಂಗ್ಲಿಷ್ ಕಲಿಸಲಾಯಿತು. ಬೇಕಾದದ್ದು ಕರಿಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲ್ ಇಷ್ಟೇ.

ಪ್ರಭು ಅವರ ಎಣಿಕೆ ಸರಳವಾಗಿತ್ತು. ಭಾಷೆಯ ಕಡೆಗೆ ಗಮನ ಹರಿಸಿದಾಗ ಅಲ್ಲ, ಅರ್ಥದ ಕಡೆಗೆ ಗಮನ ಹರಿಸಿದಾಗ ಭಾಷೆ ಒಳಗಿಳಿಯುತ್ತದೆ. ಆದ್ದರಿಂದ ಮಕ್ಕಳಿಗೆ ಪಾಠದ ಬದಲು ‘ಕೆಲಸ’ ಕೊಡಬೇಕು. ರೈಲು ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿದರೆ ಸಕಾಲಕ್ಕೆ ತಲುಪಬಹುದು ಎಂದು ಕಂಡುಹಿಡಿಯುವುದು, ನಕಾಶೆ ನೋಡಿ ದಾರಿ ಹೇಳುವುದು ಇಂಥವು. ಮೊದಲು ಇದೇ ಬಗೆಯ ಒಂದು ಕೆಲಸವನ್ನು ಮೇಷ್ಟ್ರು ಇಡೀ ತರಗತಿಯೊಡನೆ ಪ್ರಶ್ನೋತ್ತರ ರೂಪದಲ್ಲಿ ಮಾಡುತ್ತಾರೆ. ಆಮೇಲೆ ಮಕ್ಕಳು ಒಬ್ಬೊಬ್ಬರೇ ಮಾಡುತ್ತಾರೆ. ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧ ಭಾಗವನ್ನಾದರೂ ಸರಿಯಾಗಿ ಮಾಡಿದರೆ ಅದು ಆ ತರಗತಿಗೆ ತಕ್ಕ ಕೆಲಸ. ಇಲ್ಲವಾದರೆ ಮರುದಿನದ್ದು ಇನ್ನಷ್ಟು ಸುಲಭವಾಗಬೇಕು. ಪುಸ್ತಕದಲ್ಲಿ ಮುಂದಿನ ಪಾಠ ಯಾವುದೆಂಬುದು ಮೊದಲೇ ಅಚ್ಚಾಗಿರುತ್ತದೆ. ಇಲ್ಲಿ ಮುಂದಿನ ಪಾಠವನ್ನು ನಿರ್ಧರಿಸುವುದು ಇಂದಿನ ಮಕ್ಕಳ ಉತ್ತರ.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲೂ ಪಠ್ಯಪುಸ್ತಕದ ಬಗ್ಗೆ ವಾಗ್ವಾದ ನಡೆಯುತ್ತಿತ್ತು. ಕಲಿಕೆಯಂಥ ಸಂಕೀರ್ಣ ವ್ಯವಹಾರವನ್ನು ಮೊದಲೇ ಸಿದ್ಧಪಡಿಸಿದ ಸಾಮಗ್ರಿಯೊಳಗೆ ಹಿಡಿದಿಡಲಾಗದು ಎಂದು ರಿಚರ್ಡ್ ಆಲ್‌ರೈಟ್ 1981ರಲ್ಲಿ ಬರೆದರು. ಮರುವರ್ಷವೇ ಅದೇ ಪತ್ರಿಕೆಯಲ್ಲಿ ರಾಬರ್ಟ್ ಓನೀಲ್ ಪುಸ್ತಕದ ಪರವಾಗಿ ನಿಂತರು. ಒಳ್ಳೆಯ ಪುಸ್ತಕ ಒಂದು ಚೌಕಟ್ಟು ಮಾತ್ರ, ಅದರೊಳಗೆ ಮೇಷ್ಟ್ರು ಸಮಯಕ್ಕೆ ತಕ್ಕಂತೆ ತಮ್ಮದನ್ನು ಸೇರಿಸಲು ಜಾಗವಿದೆ ಎಂಬುದು ಅವರ ನಿಲುವು. ಇಬ್ಬರ ಮಾತೂ ಕೊನೆಗೆ ಬಂದು ನಿಂತದ್ದು ಒಂದೇ ಕಡೆ: ಮೇಷ್ಟ್ರಿಗೆ ಎಷ್ಟು ಸ್ವಾತಂತ್ರ್ಯ, ಎಷ್ಟು ಸಾಮರ್ಥ್ಯ?

ಬೆಂಗಳೂರು ಯೋಜನೆಯ ಫಲಿತಾಂಶವನ್ನು ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಅಳೆದು 1985ರಲ್ಲಿ ಪ್ರಕಟಿಸಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು. ಓದಿ, ಕೇಳಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಗಳಲ್ಲಿ ಒಟ್ಟಿನಲ್ಲಿ ಯೋಜನೆಯ ಮಕ್ಕಳು ಮೇಲೆನಿಸಿದರು. ಆದರೆ ಹೋಲಿಸಿದ ತರಗತಿಗಳು ಎಲ್ಲ ವಿಧದಲ್ಲೂ ಸಮಾನವಾಗಿರಲಿಲ್ಲವಾದ್ದರಿಂದ ಇದನ್ನು ಎಚ್ಚರಿಕೆಯಿಂದಲೇ ಸ್ವೀಕರಿಸಬೇಕಾಗಿತ್ತು. ಪ್ರಭು ಅವರ ಗ್ರಂಥವನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 1987ರಲ್ಲಿ ಹೊರತಂದಿತು. ಇಂದು ‘ಕಾರ್ಯಾಧಾರಿತ ಬೋಧನೆ’ ಎಂದು ಕರೆಯಲಾಗುವ ವಿಧಾನದ ಇತಿಹಾಸ ಬರೆಯುವವರು ಬೆಂಗಳೂರನ್ನು ಬಿಟ್ಟು ಬರೆಯಲಾರರು.

ಇನ್ನೊಂದು ಅಧ್ಯಯನ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಹಳ್ಳಿಯ ಶಾಲೆಯ ದೃಷ್ಟಿಯಿಂದ ಅದೇ ಮುಖ್ಯ. ಯೋಜನೆಯನ್ನು ತರಗತಿಯಲ್ಲಿ ಶಿಕ್ಷಕರು ಎಷ್ಟರ ಮಟ್ಟಿಗೆ ನಡೆಸಿದರು ಎಂಬುದನ್ನು ಬೆರೆಟ್ಟಾ 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪರಿಶೀಲಿಸಿದರು. ವಿಶೇಷ ಅರ್ಹತೆಯುಳ್ಳ ಶಿಕ್ಷಕರು ನಿಭಾಯಿಸಿದಷ್ಟು ಚೆನ್ನಾಗಿ ಆ ಶಾಲೆಗಳ ಸಾಮಾನ್ಯ ಶಿಕ್ಷಕರು ನಿಭಾಯಿಸಿರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಪುಸ್ತಕ ತೆಗೆದಿಟ್ಟ ಕೂಡಲೇ ಇಂಗ್ಲಿಷ್ ಪೂರ್ತಿಯಾಗಿ ಮೇಷ್ಟ್ರ ಬಾಯಿಂದಲೇ ಬರಬೇಕು. ಯಾವ ಮಗು ಏನು ಕೇಳೀತು ಎಂಬುದು ಮೊದಲೇ ಗೊತ್ತಿರುವುದಿಲ್ಲ. ತನ್ನ ಇಂಗ್ಲಿಷಿನ ಬಗ್ಗೆ ತನಗೇ ಧೈರ್ಯವಿಲ್ಲದವನಿಗೆ ಆ ಸ್ವಾತಂತ್ರ್ಯ ಭಾರವಾಗುತ್ತದೆ.

ಕೋಟೆಯ ಕಾರ್ಡುಗಳು

ಬೆಂಗಳೂರು ಯೋಜನೆ ಮುಗಿದು ದಶಕ ಕಳೆದ ಮೇಲೆ, ಪುಸ್ತಕವನ್ನು ಬದಿಗಿಡುವ ಎರಡನೆಯ ಪ್ರಯೋಗ ಕಬಿನಿ ಸೀಮೆಯಲ್ಲಿ ನಡೆಯಿತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ ಅದು. ಕಾಡಂಚಿನ ಹಾಡಿಗಳು, ಚದುರಿದ ಊರುಗಳು, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು, ಹೊಲದ ಕೆಲಸ ಬಂದಾಗ ತಪ್ಪಿಸಿಕೊಳ್ಳುವ ಮಕ್ಕಳು ಇದರ ಹಿನ್ನೆಲೆ. ವಾರಗಟ್ಟಲೆ ಗೈರುಹಾಜರಾದ ಮಗು ಮರಳಿ ಬರುವ ವೇಳೆಗೆ ಪುಸ್ತಕ ನಾಲ್ಕು ಪಾಠ ಮುಂದೆ ಹೋಗಿರುತ್ತಿತ್ತು. ಆಮೇಲೆ ಆ ಮಗು ಶಾಲೆಗೇ ಬರುತ್ತಿರಲಿಲ್ಲ.

ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಾಲೆ ಗ್ರಾಮೀಣ ಮಕ್ಕಳಿಗಾಗಿ ರೂಪಿಸಿದ್ದ ಕ್ರಮವನ್ನು ನೋಡಿ ಬಂದ ಶಿಕ್ಷಕರು ಅದನ್ನು ಇಲ್ಲಿಗೆ ಹೊಂದಿಸಿದರು. ಪಠ್ಯಪುಸ್ತಕವನ್ನು ಬಿಡಿಸಿ ಸಣ್ಣ ಸಣ್ಣ ಕಲಿಕಾ ಕಾರ್ಡುಗಳನ್ನಾಗಿ ಮಾಡಲಾಯಿತು. ಗೋಡೆಯ ಮೇಲೆ ‘ಕಲಿಕಾ ಏಣಿ’. ಮಗು ಏಣಿಯ ಯಾವ ಮೆಟ್ಟಿಲಿನಲ್ಲಿದೆಯೋ ಆ ಗುರುತಿನ ಕಾರ್ಡನ್ನು ತಾನೇ ಎತ್ತಿಕೊಂಡು, ತನಗೆ ತಕ್ಕ ‘ತಟ್ಟೆ’ಯಲ್ಲಿ ಅಂದರೆ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಒಂದು ತಟ್ಟೆಗೆ ಮೇಷ್ಟ್ರ ಪೂರ್ಣ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ, ಮತ್ತೊಂದರಲ್ಲಿ ಜೊತೆಯ ಮಕ್ಕಳೇ ಗುರುಗಳು. ಹದಿನೈದು ದಿನ ತಪ್ಪಿಸಿಕೊಂಡು ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ವೆಸ್ಟ್ ಹೇಳಿದ ಸರೆಂಡರ್ ವ್ಯಾಲ್ಯೂ ಎಂಬುದಕ್ಕೆ ಇಷ್ಟು ನೇರವಾದ ಉತ್ತರ ಬೇರೆ ಸಿಗುವುದು ಕಷ್ಟ.

ಮೊದಲಿಗೆ ಈ ಕ್ರಮ ಇದ್ದದ್ದು ಕನ್ನಡ, ಗಣಿತ, ಪರಿಸರ ಅಧ್ಯಯನಗಳಿಗೆ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ಮುಂದೆ ಇಂಗ್ಲಿಷಿಗೂ ಇದೇ ಮಾದರಿಯ ಸಾಮಗ್ರಿ ಸಿದ್ಧವಾಯಿತು. ಕೋಟೆಯ ಶಿಕ್ಷಕರು ತಮ್ಮ ಮಕ್ಕಳಿಗಾಗಿ ರೂಪಿಸಿಕೊಂಡದ್ದಕ್ಕೂ, ಎಲ್ಲ ಶಾಲೆಗಳಿಗೂ ಪೆಟ್ಟಿಗೆಯಲ್ಲಿ ಬಂದಿಳಿದದ್ದಕ್ಕೂ ವ್ಯತ್ಯಾಸವಿದೆ. ಕೈಯಾರೆ ಮಾಡಿದ ಕಾರ್ಡಿನ ಹಿಂದೆ, ಅದು ಏಕೆ ಬೇಕು ಎಂಬ ತಿಳಿವಳಿಕೆ ಇರುತ್ತದೆ. ಆ ತಿಳಿವಳಿಕೆ ಇಲ್ಲದೆ ಕೈಗೆ ಬಂದರೆ ಕಾರ್ಡೂ ಹರಿದ ಪುಸ್ತಕವೇ.

ಊರುಗೋಲಾಗಿ ಪುಸ್ತಕ

ರಾಜ್ಯದ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಬಹುಕಾಲ ಐದನೆಯ ತರಗತಿಯಿಂದ ಶುರುವಾಗುತ್ತಿತ್ತು. 2007-08ರಿಂದ ಅದು ಒಂದನೆಯ ತರಗತಿಗೇ ಬಂತು. ಯಾವ ತರಗತಿಯಿಂದ ಇಂಗ್ಲಿಷ್ ಬೇಕು, ಯಾವ ಮಾಧ್ಯಮ ಬೇಕು ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೂ ಹತ್ತಿ, 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ವಿಷಯದಲ್ಲಿ ತೀರ್ಪು ಕೊಟ್ಟಿತು. ಪಠ್ಯಪುಸ್ತಕದಲ್ಲಿ ಯಾರ ಪಾಠವಿರಬೇಕು, ಯಾರದ್ದು ಬೇಡ ಎಂಬ ವಿವಾದ 2022ರಲ್ಲಿ ಬೀದಿಗೂ ಬಂದಿತು. ಇಷ್ಟೆಲ್ಲದರ ನಡುವೆ, ಕೈಗೆ ಬಂದ ಪುಸ್ತಕವನ್ನು ಮೇಷ್ಟ್ರು ಹೇಗೆ ಬಳಸಬೇಕು, ಅದಕ್ಕೆ ಅವರಿಗೆ ಏನು ಸಹಾಯ ಬೇಕು ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂದದ್ದು ಕಡಿಮೆ. ಒಂದನೆಯ ತರಗತಿಗೆ ಇಂಗ್ಲಿಷ್ ಕಲಿಸಬೇಕಾಗಿ ಬಂದ ಎಷ್ಟೋ ಶಿಕ್ಷಕರು ತಾವೇ ಐದನೆಯ ತರಗತಿಯಲ್ಲಿ ಎಬಿಸಿಡಿ ತಿದ್ದಿದವರು ಎಂಬುದನ್ನು ನೆನೆದರೆ ಈ ಮೌನದ ಬೆಲೆ ತಿಳಿಯುತ್ತದೆ.

ಪಠ್ಯವನ್ನು ಬಳಸುವುದೆಂದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ‘ಪೋರ್ಷನ್ ಮುಗಿಸುವುದು’ ಎಂದೇ ಹಲವರ ತಿಳಿವಳಿಕೆ. ಪರೀಕ್ಷೆ ಅದನ್ನು ಗಟ್ಟಿಗೊಳಿಸುತ್ತದೆ. ಪ್ರಶ್ನೆಗಳು ಪಾಠದಿಂದಲೇ ಬರುವುದಾದರೆ ಉತ್ತರ ಉರು ಹೊಡೆಯುವುದೇ ಜಾಣತನ. ಅದಕ್ಕೂ ಸುಲಭದ ದಾರಿಯಾಗಿ ಅಂಗಡಿಯಲ್ಲಿ ಗೈಡು ಸಿಗುತ್ತದೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಪಾಸಾಗುವುದೇ ದೊಡ್ಡ ಅಡ್ಡಿಯೆಂದು ಹೆದರುವ ಮಗುವಿಗೆ, ಅದರ ಮೇಷ್ಟ್ರಿಗೆ, ಬೇರೆ ದಾರಿ ಹಿಡಿಯಿರಿ ಎಂದು ಉಪದೇಶ ಮಾಡುವುದು ನ್ಯಾಯವಲ್ಲ.

ನ್ಯಾಯವಾದ ಮಾತನ್ನು ಪ್ರಭು ಅವರೇ ಆಡಿದ್ದಾರೆ. ತಮ್ಮದೇ ಪದ್ಧತಿಯ ಕೀರ್ತಿ ಹಬ್ಬಿದ್ದಾಗ, 1990ರಲ್ಲಿ ಬರೆದ ಲೇಖನವೊಂದರಲ್ಲಿ ಅವರು ಎಲ್ಲಕ್ಕಿಂತ ಶ್ರೇಷ್ಠವಾದ ಪದ್ಧತಿ ಎಂಬುದೇ ಇಲ್ಲ ಎಂದು ವಾದಿಸಿದರು. ಕಲಿಕೆ ಹೇಗೆ ಆಗುತ್ತದೆ ಎಂಬ ಬಗ್ಗೆ ಪ್ರತಿಯೊಬ್ಬ ಶಿಕ್ಷಕನಿಗೂ ತನ್ನದೇ ಒಂದು ನಂಬಿಕೆ, ತನ್ನ ಅನುಭವಕ್ಕೆ ಒಪ್ಪುವ ಒಂದು ಎಣಿಕೆ ಇರುತ್ತದೆ. ಅದು ಜೀವಂತವಾಗಿದ್ದರೆ ಯಾವ ಪದ್ಧತಿಯೂ ಕೆಲಸ ಮಾಡೀತು. ಅದು ಸತ್ತು, ಕಲಿಸುವುದು ಯಾಂತ್ರಿಕವಾದರೆ ಯಾವ ಪದ್ಧತಿಯೂ ಕೆಲಸ ಮಾಡದು. ಪಠ್ಯಪುಸ್ತಕಕ್ಕೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಪುಸ್ತಕವನ್ನು ಎಸೆಯಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅಳುಕುವ ಮೇಷ್ಟ್ರಿಗೆ ಅದು ಊರುಗೋಲು. ಮನೆಯಲ್ಲಿ ಬೇರೊಂದು ಇಂಗ್ಲಿಷ್ ಪುಟವಿಲ್ಲದ ಮಗುವಿಗೆ ಅದು ಆಸ್ತಿ. ಊರುಗೋಲು ಹಿಡಿದು ನಡೆಯಬೇಕು ಎಂಬುದಷ್ಟೇ ಮುಖ್ಯ. ಪಾಠದ ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಮಕ್ಕಳೇ ಓದಿಕೊಳ್ಳುವಂತೆ ಮಾಡುವುದು ಒಂದು ದಾರಿ. ಪಾಠದಲ್ಲಿ ರೈಲು ನಿಲ್ದಾಣ ಬಂದರೆ, ಮೈಸೂರು-ಮಡಿಕೇರಿ ಬಸ್ಸುಗಳ ವೇಳೆಯನ್ನು ಹಲಗೆಯ ಮೇಲೆ ಬರೆದು, ಮದುವೆಯ ಮುಹೂರ್ತಕ್ಕೆ ಸರಿಯಾಗಿ ಕುಶಾಲನಗರ ತಲುಪಲು ಯಾವ ಬಸ್ಸು ಹಿಡಿಯಬೇಕೆಂದು ಇಂಗ್ಲಿಷಿನಲ್ಲಿ ಕೇಳುವುದು ಇನ್ನೊಂದು. ಪುಸ್ತಕದ ಹತ್ತು ಪ್ರಶ್ನೆಗಳಲ್ಲಿ ಎಂಟನ್ನು ಮಾಡಿಸಿ, ಎರಡನ್ನು ಮಕ್ಕಳಿಂದಲೇ ಕೇಳಿಸುವುದು ಮತ್ತೊಂದು. ಇವುಗಳಿಗೆ ಸರ್ಕಾರದ ಆದೇಶ ಬೇಡ, ಹೊಸ ಅಚ್ಚು ಬೇಡ. ಮೇಷ್ಟ್ರಿಗೆ ಸ್ವಲ್ಪ ಧೈರ್ಯ, ತಪ್ಪು ಮಾತಾಡಿದರೂ ಪರವಾಗಿಲ್ಲ ಎಂಬ ವಾತಾವರಣ, ವರ್ಷಕ್ಕೊಮ್ಮೆ ಮುಗಿದುಹೋಗದ ತರಬೇತಿ, ಮತ್ತು ಪಾಠದಾಚೆಗೂ ಕಣ್ಣು ಹಾಯಿಸುವ ಪ್ರಶ್ನೆಪತ್ರಿಕೆ ಬೇಕು.

ಕಂಪಲಾಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ತರುವ ರೈತ ‘ಗ್ರೇಡು’ ಎಂಬ ಪದವನ್ನು ಕಲಿತದ್ದು ಅದರಿಂದ ತನಗೇನೋ ಆಗಬೇಕಾಗಿದ್ದುದರಿಂದ. ಅವನ ಮಗಳು ಹತ್ತನೆಯ ತರಗತಿಗೇ ಓದು ನಿಲ್ಲಿಸಬಹುದು, ಅಥವಾ ಮೈಸೂರಿನ ಕಾಲೇಜು ಸೇರಬಹುದು. ಮುಂದುವರಿದರೆ ಇಂಗ್ಲಿಷ್ ಕಲಿಯಲು ಅವಳಿಗೆ ಇನ್ನೂ ಅವಕಾಶವಿದೆ. ನಿಲ್ಲಿಸಿದರೆ, ಬ್ಯಾಂಕಿನ ಚಲನ್ನು, ಔಷಧದ ಚೀಟಿ, ಗೊಬ್ಬರದ ಚೀಲದ ಮೇಲಿನ ಅಕ್ಷರ ಇವುಗಳನ್ನು ಇನ್ನೊಬ್ಬರನ್ನು ಕೇಳದೆ ತಾನೇ ಓದಿಕೊಳ್ಳುವಷ್ಟು ಇಂಗ್ಲಿಷ್ ಅವಳ ಕೈಯಲ್ಲಿ ಉಳಿದಿದೆಯೇ ಎಂಬುದು ಪ್ರಶ್ನೆ. ಪಠ್ಯಪುಸ್ತಕವನ್ನೂ ಅದನ್ನು ಹಿಡಿದ ಮೇಷ್ಟ್ರನ್ನೂ ಅಳೆಯಬೇಕಾದದ್ದು ಆ ಉಳಿಕೆಯಿಂದ.